ಕ್ಯಾಮರಾ ಹಿಡಿದವರೂ ಚಿತ್ರದಲ್ಲಿರಲಿ

ಮದುವೆಯಿರಲಿ, ಗೃಹಪ್ರವೇಶವಿರಲಿ, ಗುರುಗಳ ಪಾದಪೂಜೆಯಿರಲಿ, ಹತ್ತಾರು ಕೈಗಳಲ್ಲಿ ಮೊಬೈಲ್ ಫೋನುಗಳು ಮೇಲೇಳುವುದು ಇಂದಿನ ಸಾಮಾನ್ಯ ನೋಟ. ಹೀಗಿರುವಾಗ ಪ್ರತ್ಯೇಕವಾದ ಕ್ಯಾಮರಾ ಏಕೆ ಬೇಕು? ನನ್ನ ಮಗಳು ತನ್ನ ಮೊದಲ ಸಂಬಳದ ಉಳಿತಾಯದಿಂದ ಅಂಗೈಯಗಲದ ಡಿಜಿಟಲ್ ಕ್ಯಾಮರಾ ಒಂದನ್ನು ಕೊಳ್ಳುವೆನೆಂದಾಗ ನಾನು ಕೇಳಿದ್ದೂ ಇದನ್ನೇ. ಅವಳು ನಕ್ಕು, "ಫೋನಿನ್ಯಾಗ ತಗದ ಫೋಟೋ ಫೋನಿನ್ಯಾಗ ಮುಳಗ್ತಾವಪ್ಪಾ. ನಾವು ನಾಕು ಮಂದಿ ಕೂಡಿದಾಗ ಎಲ್ಲಾರೂ ಬರಬೇಕು, ತಗಿಯೂವ್ರೂ ಬರಬೇಕು. ಅಂಥಾದ್ದು ಯಾವುದು ಅಂತ ಹೇಳ್ರಿ" ಎಂದಳು.

"ತಗಿಯೂವ್ರೂ ಬರಬೇಕು" ಎಂಬ ಮಾತು ನನ್ನನ್ನು ಬಹುಹೊತ್ತು ಹಿಡಿದು ನಿಲ್ಲಿಸಿತು. ನಮ್ಮ ತಂದೆಯವರ ಬಳಿ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಕ್ಯಾಮರಾ ಇತ್ತು. ಒಂದು ಸುರುಳಿಗೆ 12 ಚೌಕದ ಚಿತ್ರಗಳು. ನಮ್ಮೆಲ್ಲರ ಬಾಲ್ಯ, ಅಕ್ಕನ ಮದುವೆ, ಊರ ಜಾತ್ರೆಯ ತೇರು, ಮಠದ ಪ್ರಸಾದದ ಪಂಕ್ತಿ ಎಲ್ಲವೂ ಅದರಲ್ಲಿ ಉಳಿದಿವೆ, ಉಳಿಯದವರು ತಂದೆಯವರೊಬ್ಬರೇ. ಕ್ಯಾಮರಾ ಅವರ ಕೈಯಲ್ಲಿತ್ತಲ್ಲ! ಅವರು ಲಿಂಗೈಕ್ಯರಾದಾಗ ಶಿವಗಣಾರಾಧನೆಗೆ ಇರಿಸಲು ಒಂದು ಭಾವಚಿತ್ರ ಬೇಕಾಯಿತು. ಐದು ಆಲ್ಬಮ್‌ಗಳನ್ನು ತಿರುವಿದರೂ ದೊರೆಯಲಿಲ್ಲ. ಕೊನೆಗೆ ಪಿಂಚಣಿ ಪುಸ್ತಕದಲ್ಲಿದ್ದ ಅಂಚೆಚೀಟಿಯಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಕಚೇರಿಯ ಮೊಹರಿನ ಶಾಯಿ ಅವರ ಹೆಗಲ ಮೇಲೆ ಇಂದಿಗೂ ಕಾಣುತ್ತದೆ. ಅನೇಕ ಮನೆಗಳಲ್ಲಿ ತಾಯಂದಿರ ಕಥೆಯೂ ಇಂಥದೇ. ದಾಸೋಹದ ಅಡುಗೆ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬರುವಷ್ಟರಲ್ಲಿ ಚಿತ್ರ ತೆಗೆದಾಗಿರುತ್ತದೆ.

ತನ್ನನ್ನು ತಾನು ಚಿತ್ರಿಸಿಕೊಳ್ಳುವುದನ್ನು ಹಿರಿಯರು ಅಹಂಕಾರದ ಚಟವೆಂದು ಹಳಿಯುವುದುಂಟು. ಅದು ಹೊಸ ಆಸೆಯೇನಲ್ಲ. ಛಾಯಾಗ್ರಹಣ ಹುಟ್ಟಿದ 1839ರಲ್ಲಿಯೇ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬವರು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡಿದ್ದರು. 1995ರಲ್ಲಿ ಬಂದ ಕ್ಯಾಸಿಯೋ ಕ್ಯೂವಿ-10 ಎಂಬ ಡಿಜಿಟಲ್ ಕ್ಯಾಮರಾದ ಲೆನ್ಸನ್ನು ತನ್ನತ್ತಲೇ ತಿರುಗಿಸಿಕೊಂಡು, ಹಿಂಬದಿಯ ಪರದೆಯಲ್ಲಿ ಮುಖ ನೋಡುತ್ತ ಚಿತ್ರ ತೆಗೆಯಬಹುದಿತ್ತು. 'ಸೆಲ್ಫಿ' ಎಂಬ ಪದವನ್ನು ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ಮಾತ್ರ 2013ರಲ್ಲಿ. ದೋಷ ಉಪಕರಣದಲ್ಲಿಲ್ಲ, 'ನಾನೊಬ್ಬನೇ' ಎಂಬ ಭಾವದಲ್ಲಿದೆ. 'ನಾನೂ ನಿಮ್ಮೊಡನೆ' ಎಂಬ ಭಾವವಿದ್ದರೆ ಅದೇ ಚಿತ್ರ ಮನೆಯ ದಾಖಲೆಯಾಗುತ್ತದೆ.

ಈ ದೃಷ್ಟಿಯಿಂದ ಮಗಳೊಡನೆ ಕುಳಿತು ವಿಚಾರಿಸಿದ ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದು ಪರದೆ. ಅದು ಮಡಚಿಕೊಂಡು ಮುಂದಕ್ಕೆ ತಿರುಗುವಂತಿರಬೇಕು. ಕ್ಯಾನನ್ ಜಿ7ಎಕ್ಸ್ ಮಾರ್ಕ್-3ರಲ್ಲಿ ಅದು ಮೇಲಕ್ಕೆ ಏಳುತ್ತದೆ. ಸೋನಿ ಜಡ್‌ವಿ-1ರಲ್ಲಿ ಪಕ್ಕಕ್ಕೆ ತೆರೆಯುತ್ತದೆ. ಯಾರ ತಲೆ ಅರ್ಧ ಕತ್ತರಿಸಿದೆ, ಯಾರು ಅಂಚಿನ ಹೊರಗುಳಿದರು ಎಂಬುದು ಆಗಲೇ ತಿಳಿಯುತ್ತದೆ.

ಎರಡನೆಯದು ಲೆನ್ಸಿನ ಹರವು. ವಿವರಪಟ್ಟಿಯಲ್ಲಿ 24 ಮಿ.ಮೀ., 28 ಮಿ.ಮೀ. ಎಂದು ಬರೆದಿರುತ್ತದೆ, ಅಂಕಿ ಕಡಿಮೆಯಾದಷ್ಟೂ ಹರವು ಹೆಚ್ಚು. ತೋಳು ಚಾಚಿದಾಗ ಕ್ಯಾಮರಾ ಸುಮಾರು 60 ಸೆಂ.ಮೀ. ದೂರವಿರುತ್ತದೆ. ಅಷ್ಟು ದೂರದಲ್ಲಿ 24 ಮಿ.ಮೀ. ಲೆನ್ಸು ಹೆಚ್ಚುಕಡಿಮೆ 90 ಸೆಂ.ಮೀ. ಅಗಲವನ್ನು ಹಿಡಿದರೆ, 35 ಮಿ.ಮೀ. ಲೆನ್ಸು 62 ಸೆಂ.ಮೀ. ಮಾತ್ರ ಹಿಡಿಯುತ್ತದೆ. ಮೊದಲನೆಯದರಲ್ಲಿ ಮೂವರು ಒತ್ತಿ ಕೂತು ಕಾಣಬಹುದು, ಎರಡನೆಯದರಲ್ಲಿ ಇಬ್ಬರು. ಆದರೆ ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ ಕಾಣುವುದು ತಪ್ಪದು. ಆದುದರಿಂದ ಕ್ಯಾಮರಾವನ್ನು ಕಪಾಟಿನ ಮೇಲೋ ಪುಟ್ಟ ಮುಕ್ಕಾಲಿಯ ಮೇಲೋ ಇರಿಸಿ, ಹತ್ತು ಸೆಕೆಂಡಿನ ಟೈಮರ್ ಹಚ್ಚಿ ಬಂದು ಕೂಡುವುದೇ ಲೇಸು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಸಿಗುತ್ತಾರೆ.

ಮೂರನೆಯದು ಬೆಳಕು. ನಮ್ಮ ಪಡಸಾಲೆಗಳಲ್ಲಿ ಸಂಜೆಯ ಬೆಳಕು ಮಂದ. ಚಿತ್ರವನ್ನು ಗ್ರಹಿಸುವ ಸೆನ್ಸಾರ್ ದೊಡ್ಡದಿದ್ದಷ್ಟೂ ಬೆಳಕು ಹೆಚ್ಚು ಸಿಗುತ್ತದೆ. ಮೇಲೆ ಹೇಳಿದ ಎರಡೂ ಕ್ಯಾಮರಾಗಳಲ್ಲಿರುವ 'ಒಂದು ಇಂಚು' ಮಾದರಿಯ ಸೆನ್ಸಾರ್ 13.2 × 8.8 ಮಿ.ಮೀ. ಇದೆ, ಅಗ್ಗದ ಸಣ್ಣ ಕ್ಯಾಮರಾಗಳದ್ದು ಸಾಮಾನ್ಯವಾಗಿ 6.2 × 4.6 ಮಿ.ಮೀ. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು ಅಂತರ. ಫ್ಲ್ಯಾಶ್ ಹಚ್ಚಿ ಹತ್ತಿರದಿಂದ ತೆಗೆದರೆ ಹಣೆಯ ವಿಭೂತಿ ಮಾತ್ರ ಬೆಳ್ಳಗೆ ಹೊಳೆದು ಮುಖದ ಕಳೆ ಮಾಯವಾಗುತ್ತದೆ. ಬಿಳಿಯ ಧೋತರ, ಬಿಳಿಯ ಅಂಗಿಯವರೇ ತುಂಬಿದ ಗುಂಪನ್ನು ಕಂಡು ಕ್ಯಾಮರಾ ಬೆಳಕು ಅತಿಯಾಯಿತೆಂದು ಭಾವಿಸಿ ಮುಖಗಳನ್ನು ಕಪ್ಪಾಗಿಸುವುದೂ ಉಂಟು. ಆಗ ಬೆಳಕನ್ನು 'ಪ್ಲಸ್' ಕಡೆಗೆ ತುಸು ಏರಿಸಬೇಕು. ಬಾಗಿಲಿಗೆ ಬೆನ್ನು ಮಾಡದೆ, ಮುಖ ಮಾಡಿ ನಿಲ್ಲಬೇಕು.

ನಾಲ್ಕನೆಯದು ಖರ್ಚು. ಜಿ7ಎಕ್ಸ್ ಮಾರ್ಕ್-3ರಂಥದ್ದಕ್ಕೆ ಅರ್ಧ ಲಕ್ಷ ರೂಪಾಯಿ ಮೀರುತ್ತದೆ. ಮನೆಯ ಬಳಕೆಗೆ ಬಳಸಿದ ಹಳೆಯ ಕ್ಯಾಮರಾವೂ ಸಾಕಾದೀತು. ಆದರೆ ಕೊಳ್ಳುವ ಮುನ್ನ ಲೆನ್ಸಿನೊಳಗೆ ಬೂಷ್ಟು ಕಟ್ಟಿದೆಯೇ, ಬ್ಯಾಟರಿ ಈಗಲೂ ದೊರೆಯುತ್ತದೆಯೇ ಎಂದು ನೋಡಬೇಕು. ಹಿಂದಿನ ಕೆಲವು ಒಲಿಂಪಸ್, ಫ್ಯೂಜಿ ಕ್ಯಾಮರಾಗಳಿಗೆ ಬೇಕಾದ ಎಕ್ಸ್‌ಡಿ ಕಾರ್ಡುಗಳ ತಯಾರಿಕೆ ನಿಂತುಹೋಗಿದೆ. ಎಸ್‌ಡಿ ಕಾರ್ಡಿನದನ್ನೇ ಆರಿಸುವುದು ಕ್ಷೇಮ. ಮೆಗಾಪಿಕ್ಸೆಲ್ ಲೆಕ್ಕಕ್ಕೆ ಮರುಳಾಗಬೇಕಿಲ್ಲ. ಆಲ್ಬಮ್ಮಿನ 6 × 4 ಇಂಚಿನ ಪ್ರತಿಗೆ 2 ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚಿದ್ದರೆ ಸಾಕು. 20 ಮೆಗಾಪಿಕ್ಸೆಲ್ ಇದ್ದರಂತೂ 18 × 12 ಇಂಚಿನ ಗೋಡೆಯ ಚಿತ್ರವನ್ನೇ ಮಾಡಿಸಬಹುದು.

ಎಲ್ಲವನ್ನೂ ತೂಗಿನೋಡಿ ಮಗಳು ಪರದೆ ತಿರುಗುವ, ಬಳಸಿದ ಕ್ಯಾಮರಾ ಒಂದನ್ನು ಕೊಂಡಳು. ಉಳಿದ ಹಣ ಅವಳ ಖಾತೆಯಲ್ಲಿಯೇ ಉಳಿಯಿತು. ಅವಳಿಗೆ ನಾನು ಹೇಳಿದ್ದು ಎರಡೇ ನಿಯಮ. ಇಷ್ಟಲಿಂಗ ಪೂಜೆಗೆ ಕುಳಿತವರತ್ತ ಕ್ಯಾಮರಾ ತಿರುಗಬಾರದು; ಅಂಗೈಯ ಲಿಂಗದಲ್ಲಿ ನೆಟ್ಟ ದೃಷ್ಟಿ ಪರದೆಯ ಕಡೆಗೆ ಹೊರಳಬಾರದು. ಹಿರಿಯರನ್ನು, ಅತಿಥಿಗಳನ್ನು ಕೇಳಿಯೇ ತೆಗೆಯಬೇಕು.

ಇನ್ನು ಎಲ್ಲ ಮನೆಗಳಿಗೂ ನನ್ನದೊಂದು ಬಿನ್ನಹ. ವರ್ಷಕ್ಕೆ ಹನ್ನೆರಡು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿಡಿ. ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷ ಬರೆಯಿರಿ. ಬಡಿಸುತ್ತಿರುವವರನ್ನು ಕರೆದು ನಡುವೆ ಕೂರಿಸಿರಿ. ಟೈಮರ್ ಹಚ್ಚಿದವರಿಗೂ ಒಂದು ಜಾಗ ಬಿಟ್ಟಿರಿ.