ಮೂಳೆಗೊಂದು ಮೊಳೆ

ಮನುಷ್ಯದೇಹವನ್ನು ನಿರ್ಮಿಸುವಾಗ ಬ್ರಹ್ಮದೇವನು ಒಂದೆಡೆ ಜಿಪುಣತನ ತೋರಿದನೆನ್ನಬೇಕು. ತೊಡೆಯ ಮೂಳೆಗೆ ಮಾಂಸದ ದಪ್ಪ ಹೊದಿಕೆಯನ್ನಿತ್ತವನು, ಮೊಣಕಾಲಿನ ಕೆಳಗೆ ಕಣಕಾಲ ಮೂಳೆಯ ಮುಂಭಾಗಕ್ಕೆ ತೆಳುವಾದ ಚರ್ಮವನ್ನಷ್ಟೇ ಹೊದಿಸಿ ಕೈತೊಳೆದುಕೊಂಡ. ಕತ್ತಲಲ್ಲಿ ಮಂಚಕ್ಕೆ ಕಾಲು ತಗುಲಿಸಿಕೊಂಡವರಿಗೆಲ್ಲ ಈ ಸತ್ಯದ ಪರಿಚಯವುಂಟು. ಹುಣಸೂರು-ಪಿರಿಯಾಪಟ್ಟಣದ ಹೆದ್ದಾರಿಯಲ್ಲಿ ಲಾರಿಯೊಂದು ಮೋಟಾರ್ ಸೈಕಲ್ಲಿಗೆ ಬಡಿದಾಗಲೋ, ಕೃಷ್ಣರಾಜನಗರದ ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರು ಮಗುಚಿದಾಗಲೋ ಆ ಜಿಪುಣತನದ ಪೂರ್ಣ ಬೆಲೆ ತಿಳಿಯುತ್ತದೆ. ಮುರಿದ ಮೂಳೆ ಚರ್ಮವನ್ನು ಸೀಳಿ ಹೊರಬರುತ್ತದೆ. ಹೊರಗಿನ ಮಣ್ಣು ಒಳಸೇರುತ್ತದೆ.

ಹಳ್ಳಿಯಲ್ಲಿ ಮೂಳೆ ಕಟ್ಟುವವರ ಮೇಲೆ ಜನರಿಟ್ಟಿರುವ ವಿಶ್ವಾಸ ನಿರಾಧಾರವಲ್ಲ. ಚರ್ಮ ಹರಿಯದೆ, ಸ್ಥಾನ ತಪ್ಪದೆ ಬಿರಿದ ಮೂಳೆ ಬಿದಿರು ದಬ್ಬೆಯ ಆಸರೆಯಲ್ಲಿ ಕೂಡಿಕೊಳ್ಳುವುದುಂಟು. ಆದರೆ ತೆರೆದ ಗಾಯಕ್ಕೆ ಸೊಪ್ಪು ಅರೆದು ಮೆತ್ತಿ ಬಿಗಿದರೆ, ಕೂಡುವ ಮೊದಲೇ ಮೂಳೆಗೆ ಕೀವು ಹಿಡಿಯಬಹುದು. ಅಲ್ಲಿ ನೆಲೆಯೂರಿದ ಕೀವು ವರ್ಷಗಟ್ಟಲೆ ಕಾಡಿ, ಕೆಲವೊಮ್ಮೆ ಕಾಲನ್ನೇ ಬಲಿ ಕೇಳುತ್ತದೆ. ದುಡಿಯುವವನ ಕಾಲು ಹೋದರೆ ಸಂಸಾರವೇ ಕುಂಟುತ್ತದೆಯಲ್ಲವೆ?

ಮೂಳೆಯ ಪೊಳ್ಳಿನೊಳಗೆ ಉದ್ದನೆಯ ಉಕ್ಕಿನ ಮೊಳೆಯನ್ನಿಳಿಸುವ ಕ್ರಮವನ್ನು ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್‌ಷರ್ 1939ರಲ್ಲಿ ತೊಡೆಯ ಮೂಳೆಗೆ ಅನ್ವಯಿಸಿದರು. ಯುದ್ಧಾನಂತರ ಸೆರೆಯಿಂದ ಮರಳಿದ ಸೈನಿಕರ ಎಕ್ಸ್‌ರೇ ಚಿತ್ರಗಳಲ್ಲಿ ಆ ಮೊಳೆಯನ್ನು ಕಂಡು ಅಮೆರಿಕದ ವೈದ್ಯರು ಬೆರಗಾದರು. ಆದರೂ ಗಾಯ ತೆರೆದಿರುವ ಕಾಲಿನೊಳಗೆ ಲೋಹವಿಡಲು ಬಹುಕಾಲ ಅಂಜಿಕೆಯಿತ್ತು. ಇಂದು ಮೊಣಕಾಲಿನ ಬಳಿಯಿಂದ ಮೊಳೆಯನ್ನಿಳಿಸಿ, ಮೇಲೂ ಕೆಳಗೂ ತಿರುಪುಮೊಳೆ ಬಿಗಿಯುತ್ತಾರೆ. ಜನರ ಬಾಯಲ್ಲಿ ಅದು ‘ರಾಡು’.

ರಾಡಿಗಿಂತ ಮೊದಲಿನ ಕೆಲಸವೇ ದೊಡ್ಡದು. ಕೀವು ತಡೆಯುವ ಚುಚ್ಚುಮದ್ದು ಆದಷ್ಟು ಬೇಗ ಬೀಳಬೇಕು. ಗಾಯವನ್ನು ಚೆನ್ನಾಗಿ ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯಬೇಕು. ಮುಚ್ಚಲು ಚರ್ಮವೇ ಉಳಿದಿಲ್ಲವಾದರೆ, ಬ್ರಹ್ಮನು ಕೊಡದ ಹೊದಿಕೆಯನ್ನು ಶಸ್ತ್ರವೈದ್ಯರು ಮೀನಖಂಡದ ಮಾಂಸದಿಂದ ಒದಗಿಸುವುದೂ ಉಂಟು.

ಹೆಗ್ಗಡದೇವನಕೋಟೆಯಿಂದ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರು. ಹೊರಡುವ ಮುನ್ನ ಮನೆಯವರು ಮಾಡಬೇಕಾದುದು ಸ್ವಲ್ಪವೇ: 108ಕ್ಕೆ ಕರೆಮಾಡಿ, ಶುಭ್ರವಾದ ಬಟ್ಟೆಯಿಂದ ಗಾಯ ಮುಚ್ಚಿ, ಕಾಲು ಅಲುಗದಂತೆ ಹಲಗೆಯ ಆಸರೆ ಕೊಡುವುದು. ಹೊರಬಂದ ಮೂಳೆಯನ್ನು ಒಳದೂಡಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ದೊರೆತರೆ ಅರ್ಧ ಗೆದ್ದಂತೆ.

ಉಳಿದರ್ಧ ತಾಳ್ಮೆಯದು. ಮೊಳೆ ಮೂಳೆಯನ್ನು ಕೂಡಿಸುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಕೂಡುವ ಕೆಲಸ ಮೂಳೆಯದೇ, ಅದಕ್ಕೆ ತಿಂಗಳುಗಳೇ ಬೇಕು. ಇಲ್ಲೊಂದು ವಿಪರ್ಯಾಸವುಂಟು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಸೀಮೆಗೆ ಹಣ ತರುವ ಬೆಳೆ ಹೊಗೆಸೊಪ್ಪು. ಮುರಿದ ಮೂಳೆ ಕೂಡುವುದನ್ನು ತಡಮಾಡುವುದೂ ಅದೇ ಸೊಪ್ಪಿನ ಹೊಗೆ. ಆದುದರಿಂದ ಗಂಡನ ಬೀಡಿಯ ಕಟ್ಟನ್ನು ಅಟ್ಟದ ಮೇಲೆ ಬಚ್ಚಿಡುವ ಗೃಹಿಣಿಯೂ ಶಸ್ತ್ರವೈದ್ಯರ ಸಹಾಯಕಳೇ ಸರಿ.