ನವಿಲಿನ ಬಾಲಕ್ಕೆ ಕರೆಂಟು

ನಾನಿರುವುದು ಸಿಂಗಾಪುರದಲ್ಲಿ ಎಂದರೆ ಹೊಸಬರು ನನ್ನ ನೂಲಿನ ಸೀರೆಯನ್ನೂ ಹವಾಯಿ ಚಪ್ಪಲಿಯನ್ನೂ ಒಮ್ಮೆ ನೋಡುತ್ತಾರೆ. ವಿಮಾನವೇನೂ ಹತ್ತಬೇಕಾಗಿಲ್ಲ. ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರದ ಪಕ್ಕದ ಊರು ನಮ್ಮದು.

ಕನ್ನಡ ಪಾಠ ಮಾಡುವ ನನಗೂ ಕರೆಂಟಿಗೂ ಇರುವ ನಂಟು ಸ್ವಿಚ್ಚಿನವರೆಗೆ ಮಾತ್ರ. ಅಂಥ ನಾನು ಹೋದ ವರ್ಷ ಶಾಲಾ ವಾರ್ಷಿಕೋತ್ಸವದ ನವಿಲು ನೃತ್ಯದ ಉಸ್ತುವಾರಿ ಹೊತ್ತುಕೊಂಡೆ. ಎಂಟನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಗರಿಗಳಿಗೆ ಎಲ್‌ಇಡಿ ಪಟ್ಟಿ ಹೊಲಿಯೋಣ, ಬಣ್ಣ ಓಡೋ ಹಾಗೆ ಮಾಡ್ತೀನಿ" ಎಂದಳು. ಅಪ್ಪನೊಂದಿಗೆ ಎಸ್.ಪಿ. ರಸ್ತೆಗೆ ಹೋಗಿ ಎರಡು ಮೀಟರ್ ಪಟ್ಟಿ, ಒಂದು ಪುಟ್ಟ ಕಂಟ್ರೋಲ್ ಬೋರ್ಡು ತಂದಳು. ಒಟ್ಟು 120 ದೀಪ. ಮೊಬೈಲಿಗೆ ಹಾಕುವ ಪವರ್ ಬ್ಯಾಂಕೇ ಅವಕ್ಕೆಲ್ಲ ಅನ್ನದಾತ.

ಅಭ್ಯಾಸದ ದಿನ ಬಣ್ಣಗಳು ಮೆಲ್ಲಗೆ ಓಡಿದವು. ನನಗೆ ಸಮಾಧಾನವಾಗಲಿಲ್ಲ. "ಹಿಂದಿನ ಸಾಲಿನವರಿಗೂ ಕಾಣಬೇಡ್ವೇನೇ? ಪೂರ್ತಿ ಬೆಳ್ಳಗೆ, ಜೋರಾಗಿ ಹಾಕು" ಎಂದೆ. ಅವಳು ಏನೋ ಹೇಳಹೋಗಿ ಸುಮ್ಮನಾದಳು. ಹಾಕಿದಳು. ಬುಡದ ಗರಿ ಬೆಳ್ಳಗೆ, ತುದಿಯ ಗರಿ ಕೆಂಪಗೆ, ಮರುಕ್ಷಣ ಇಡೀ ನವಿಲೇ ಕತ್ತಲು! ಎಲ್ಲರೆದುರಿಗೇ ಗದರಿಬಿಟ್ಟೆ. ಮರುದಿನ ಅವಳು ಅಭ್ಯಾಸಕ್ಕೆ ಬರಲಿಲ್ಲ.

ಊಟದ ಬಿಡುವಿನಲ್ಲಿ ಕರೆಸಿದೆ. ಮಾತಾಡದೆ ನೋಟ್‌ಬುಕ್ ಬಿಚ್ಚಿದಳು. ಒಂದೊಂದು ದೀಪದೊಳಗೂ ಕೆಂಪು, ಹಸಿರು, ನೀಲಿ ಎಂದು ಮೂರು. ಮೂರೂ ಪೂರ್ತಿ ಉರಿದರೆ ಬಿಳಿ. ಆಗ ಒಂದಕ್ಕೆ ಸುಮಾರು 60 ಮಿಲಿ ಆಂಪಿಯರ್, 120ಕ್ಕೆ 7.2 ಆಂಪಿಯರ್. ನಮ್ಮ ಪವರ್ ಬ್ಯಾಂಕು ಕೊಡುವುದು ಎರಡೇ. "ಅದಕ್ಕೇ ಮಿಸ್, ಬೆಳಕು ಐದನೇ ಒಂದು ಪಾಲಿಗೆ ಇಳಿಸಿದ್ದೆ."

"ತುದಿ ಯಾಕೆ ಕೆಂಪಾಯಿತು?" ಎಂದೆ, ದನಿ ತಗ್ಗಿಸಿ. ಪಟ್ಟಿಯೊಳಗಿನ ತಾಮ್ರ ತೆಳು. ದೂರ ಹೋದಂತೆ ವೋಲ್ಟೇಜು ಕುಸಿಯುತ್ತದೆ. ನೀಲಿ, ಹಸಿರಿಗೆ ಸುಮಾರು ಮೂರು ವೋಲ್ಟ್ ಬೇಕು, ಕೆಂಪಿಗೆ ಎರಡರ ಸುಮಾರು ಸಾಕು. ಕೊರತೆಯಲ್ಲೂ ಬದುಕುವುದು ಕೆಂಪು. ನನಗೆ ನಮ್ಮ ಬೀದಿಯ ನಲ್ಲಿ ನೆನಪಾಯಿತು. ಮೊದಲ ಮನೆಗಳವರೆಲ್ಲ ಒಟ್ಟಿಗೆ ಬಿಂದಿಗೆ ಹಿಡಿದರೆ ಕೊನೆಯ ಮನೆಗೆ ನೂಲಿನೆಳೆಯಷ್ಟೇ ನೀರು.

ಅದೇ ಸಂಜೆ, ಅದೇ ಮಕ್ಕಳೆದುರು, ತಪ್ಪು ನನ್ನದೆಂದು ಹೇಳಿದೆ. ಐವತ್ತು ದಾಟಿದ ನಾಲಿಗೆಗೆ ಅದು ಸುಲಭವೇನಲ್ಲ. ಆಮೇಲೆ ಅವಳು ಹೇಳಿದಂತೆ ನಾನು ಹೊಲಿದೆ. ಬ್ಯಾಟರಿಯ ಕರೆಂಟು ಬೋರ್ಡಿನ ಮೂಲಕವಲ್ಲ, ದಪ್ಪ ತಂತಿಯಲ್ಲಿ ನೇರವಾಗಿ ಪಟ್ಟಿಯ ಎರಡೂ ತುದಿಗೆ. ಬೋರ್ಡಿನಿಂದ ಬಣ್ಣದ ಆಜ್ಞೆ ಮಾತ್ರ. ಆದರೆ ಎರಡರ ನೆಗೆಟಿವ್ ತಂತಿಯೂ ಸೇರಿರಬೇಕು, ಇಲ್ಲವಾದರೆ ಬಣ್ಣಗಳು ಹುಚ್ಚೆದ್ದು ಕುಣಿಯುತ್ತವೆ. ಪವರ್ ಬ್ಯಾಂಕನ್ನು ಲಂಗದೊಳಗೆ ಮುಚ್ಚದೆ ಸೊಂಟದ ಚೀಲದಲ್ಲಿಟ್ಟೆವು, ಬಿಸಿಯಾದರೆ ಥಟ್ಟನೆ ಕಿತ್ತುಬಿಡಲು. 1956ರಲ್ಲಿ ಜಪಾನಿನ ಕಲಾವಿದೆ ಅತ್ಸುಕೊ ತನಾಕಾ ಬಣ್ಣದ ಬಲ್ಬುಗಳದೇ ಉಡುಪು ಮಾಡಿ ತೊಟ್ಟಿದ್ದರು. ಆ ಬಲ್ಬುಗಳ ಕಾವು ನೆನೆದರೆ ನಮ್ಮ ಐದು ವೋಲ್ಟಿನ ನವಿಲು ಎಷ್ಟೋ ಸಾಧು.

ವಾರ್ಷಿಕೋತ್ಸವದ ರಾತ್ರಿ ಸಭಾಂಗಣದ ದೀಪ ಆರಿಸಿದಾಗ ಆ ಐದನೇ ಒಂದು ಪಾಲು ಬೆಳಕೇ ಧಾರಾಳವಾಯಿತು. ನೀಲಿ, ಹಸಿರು ಕೊನೆಯ ಗರಿಯವರೆಗೂ ಓಡಿದವು. ಹಿಂದಿನ ಸಾಲಿನ ತಾಯಂದಿರೇ ಮೊದಲು ಚಪ್ಪಾಳೆ ತಟ್ಟಿದರು.

ಈಗ ಯಾರನ್ನಾದರೂ ಗದರುವ ಮುಂಚೆ, "ಎಲ್ಲಿ, ನಿನ್ನ ಲೆಕ್ಕ ತೋರಿಸಮ್ಮಾ" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ.