ಕಂಕುಳಲ್ಲೇ ಇತ್ತು ಕೂಸು

ನಮ್ಮ ಮನೆಯಲ್ಲಿ ತೊಟ್ಟಿಲು ಅಟ್ಟ ಸೇರಿದ್ದನ್ನು ನಾವು ನೋಡಿದ್ದೇ ಕಮ್ಮಿ. ದೊಡ್ಡಮ್ಮನ ಕೂಸು ಅಂಬೆಗಾಲಿಡುವ ಹೊತ್ತಿಗೆ ನಮ್ಮಮ್ಮನದು, ನಮ್ಮಮ್ಮನದು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಚಿಕ್ಕಮ್ಮನದು, ಇನ್ನೇನು ತೊಟ್ಟಿಲ ಸರಪಳಿ ಬಿಚ್ಚಿ ಮೇಲಿಡಬೇಕು ಅನ್ನುವಾಗ ಹೆರಿಗೆಗೆಂದು ತವರಿಗೆ ಬಂದಿಳಿದ ಅತ್ತೆಯದು. ತಿಪಟೂರು ಸೀಮೆಯ ತೆಂಗಿನ ತೋಟದ ಮಗ್ಗುಲಿಗಿದ್ದ ಆ ತೊಟ್ಟಿಮನೆಯಲ್ಲಿ ಯಾವತ್ತೂ ಒಂದು ಕೂಸು ಇದ್ದೇ ಇರುತ್ತಿತ್ತು. ಊರ ಪಂಚಾಯ್ತಿ ಗೋಡೆ ಮೇಲೆ ಕುಟುಂಬ ಯೋಜನೆಯವರು ಕೆಂಪು ತ್ರಿಕೋನ ಬರೆಸಿ, ಅದರ ಪಕ್ಕದಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು ನಗುತ್ತಿರುವ ಚಿತ್ರ ಬಿಡಿಸಿ ಹೋಗಿದ್ದರು. ನಾವು ಏಳೆಂಟು ಮಂದಿ ಕಂಕುಳಲ್ಲಿ ಕೂಸು ಸಮೇತ ಗೋಲಿ ಆಡುತ್ತಿದ್ದುದು ಆ ಗೋಡೆಯ ಕೆಳಗೇ.

ಕೂಸಿನ ವಯಸ್ಸನ್ನು ಅಜ್ಜಿ ತಿಂಗಳಲ್ಲಿ ಹೇಳುತ್ತಿರಲಿಲ್ಲ, ಕಾಯಿಯಲ್ಲಿ ಹೇಳುತ್ತಿದ್ದಳು. ಉಂಡೆ ಕೊಬ್ಬರಿ ಆಗಬೇಕೆಂದರೆ ಬಲಿತ ಕಾಯನ್ನು ಅಟ್ಟಕ್ಕೆ ತುಂಬಿ ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟದೆ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ. "ಈ ಅಟ್ಟ ತುಂಬಿದಾಗ ಹುಟ್ಟಿದ್ದು ಕಣೇ, ಕಾಯಿ ಇಳಿಸೋ ಹೊತ್ತಿಗೆ ಹೆಜ್ಜೆ ಇಡ್ತೈತೆ ನೋಡ್ತಿರು" ಎಂದು ಅಜ್ಜಿ ಹೇಳಿದರೆ ಆ ಮಾತು ಸುಳ್ಳಾಗುತ್ತಿದ್ದುದು ಅಪರೂಪ. ಅಟ್ಟ ಬಿಚ್ಚಿ ಕಾಯಿ ಸುಲಿಯುವವರು ಅಂಗಳದಲ್ಲಿ ಕೂತಾಗ ಕೂಸು ಸಿಪ್ಪೆಯ ರಾಶಿ ಹತ್ತಲು ನೋಡುತ್ತಿತ್ತು, ನಾರು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಅದನ್ನು ಬಾಯಿಂದ ತೆಗೆಯಲು ಹೋದವರ ಬೆರಳು ಕಚ್ಚುತ್ತಿತ್ತು.

ಕೂಸಿದ್ದ ಮನೆಗೆ ಬೇರೆಯದೇ ವಾಸನೆ. ನಾವು ಕಣ್ಣು ಬಿಡುವ ಮೊದಲೇ ಬಚ್ಚಲೊಲೆಯ ಹೊಗೆ ನಡುಮನೆಗೆ ಬಂದಿರುತ್ತಿತ್ತು: ಎಡಮಟ್ಟೆ, ಒಣಗಿದ ಹೊಂಬಾಳೆ, ಕಾಯಿ ಸಿಪ್ಪೆ, ಚಿಪ್ಪು ಎಲ್ಲ ಒಟ್ಟಿಗೆ ಉರಿದು ತಾಮ್ರದ ಹಂಡೆ ಕೊತಕೊತ ಅನ್ನುತ್ತಿತ್ತು. ಆಮೇಲೆ ಹರಳೆಣ್ಣೆಯ ಅಂಟು ವಾಸನೆ, ಸೀಗೆಪುಡಿಯ ಘಾಟು, ಹಾಲು ಕಕ್ಕಿದ ಹುಳಿ ವಾಸನೆ, ಕೊನೆಗೆ ಸಾಂಬ್ರಾಣಿ. ಅಜ್ಜಿ ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಮಣೆ ಹಾಕಿಕೊಂಡು ಎರಡೂ ಕಾಲು ನೀಡಿ ಕೂತರೆ ನಮಗೆಲ್ಲ ಒಂದೊಂದು ಕೆಲಸ ಬೀಳುತ್ತಿತ್ತು. ಒಬ್ಬರು ಬಿಸಿನೀರು ತೋಡಿ ಕೊಡಬೇಕು, ಒಬ್ಬರು ಕಡ್ಲೆಹಿಟ್ಟಿನ ಬಟ್ಟಲು ಹಿಡಿದು ನಿಲ್ಲಬೇಕು, ಒಬ್ಬರು ಗಾಳಿ ಬರದ ಹಾಗೆ ಬಾಗಿಲು ಕಾಯಬೇಕು, ಒಬ್ಬರು ಕೆಂಡ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳಬೇಕು. ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿ, ಮೊಣಕೈ ಅದ್ದಿ ನೀರಿನ ಬಿಸಿ ನೋಡಿ, ಬೆನ್ನಿಗೆ ಚೊಂಬಿನಿಂದ ಸಣ್ಣಗೆ ಬಿಡುತ್ತಾ ಅಂಗೈಯಿಂದ ಮೇಲೆ ಕೆಳಗೆ ನೀವುತ್ತಿದ್ದರೆ ಮೊದಲು ಕಿಟಾರನೆ ಕಿರುಚಿದ ಕೂಸು ಮೆಲ್ಲಮೆಲ್ಲನೆ ರಾಗ ಇಳಿಸಿ ಅಲ್ಲೇ ತೂಕಡಿಸುತ್ತಿತ್ತು. ಮಗುಚಿ ಮಲಗಿಸಿ ಮೂಗು ತೀಡುವುದು, ಹಣೆ ಒತ್ತುವುದು, ಬಲಗೈಗೆ ಎಡಗಾಲು ಎಡಗೈಗೆ ಬಲಗಾಲು ತಾಗಿಸುವುದು. ತೀಡಿಸಿಕೊಂಡ ನಮ್ಮ ಮೂಗುಗಳೆಲ್ಲ ಹೇಗಿವೆಯೋ ಹಾಗೇ ಇವೆ, ಆ ವಿಚಾರ ಬೇರೆ. ಕೊನೇ ಚೊಂಬು ನೀರನ್ನು ಮೂರು ಸಲ ಸುತ್ತಿಸಿ, ಊರವರ ಕಣ್ಣುಗಳನ್ನೆಲ್ಲ ಒಂದೊಂದಾಗಿ ಬೈದು ಚೆಲ್ಲಿ, ಒಲೆಯ ಬೂದಿ ಹಣೆಗಿಟ್ಟು, ಹಳೇ ಪಂಚೆಯಲ್ಲಿ ಸುತ್ತಿ, "ಹಿಡ್ಕೊ" ಎಂದು ಕೈ ಚಾಚಿದರೆ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುವವರು ಸಿದ್ಧವಾಗಿರಬೇಕಿತ್ತು. ಹೊಗೆ ತಾಗಿಸಿ, ಸಾದಿನ ಚಿಪ್ಪಿಗೆ ಒಂದು ಹನಿ ನೀರು ಬಿಟ್ಟು ಬೆರಳಲ್ಲಿ ತಿಕ್ಕಿ, ಹಣೆಗೊಂದು, ಕೆನ್ನೆಗೊಂದು, ಅಂಗಾಲಿಗೊಂದು ಕಪ್ಪು ಬೊಟ್ಟು. ಆಮೇಲೆ ಅದು ಮಲಗಿದರೆ ಮಧ್ಯಾಹ್ನ ಎರಡನೇ ಬಸ್ಸು ಬರುವವರೆಗೂ ಏಳುತ್ತಿರಲಿಲ್ಲ.

ಮಳೆ ಹಿಡಿದುಕೊಂಡ ದಿನಗಳಲ್ಲಿ ಕೂಸಿನ ಬಟ್ಟೆ ಒಣಗುವುದೇ ಒಂದು ಪ್ರಾರಬ್ಧ. ಕೆಂಡದ ಮೇಲೆ ಬಿದಿರ ಮಂಕರಿ ಬೋರಲು ಹಾಕಿ, ಅದರ ಮೇಲೆ ಹರಿದ ಸೀರೆ ತುಂಡುಗಳನ್ನು ಹರವಿ, ಒಂದು ಬದಿ ಬೆಚ್ಚಗಾದರೆ ಮಗುಚಿ ಹಾಕುತ್ತಾ ಕೂತಿರುತ್ತಿದ್ದೆವು. ಹತ್ತು ತುಂಡು ಒಣಗಿಸುವಷ್ಟರಲ್ಲಿ ಹನ್ನೆರಡು ಒದ್ದೆಯಾಗಿ ಬರುತ್ತಿದ್ದವು. ನಮ್ಮ ಸ್ಕೂಲು ಅಂಗಿಗೂ ಅದೇ ಹೊಗೆ ಹಿಡಿದು, ಪಕ್ಕದಲ್ಲಿ ಕೂತ ಹುಡುಗರು "ಏನ್ರೋ, ನಿಮ್ಮನೇಲಿ ಇನ್ನೊಂದಾ?" ಎಂದು ಕೇಳುತ್ತಿದ್ದರು.

ಬಾಣಂತಿ ಕೋಣೆಯ ಒಳಗೆ ಮಾತ್ರ ಇನ್ನೊಂದು ಲೋಕ. ಕತ್ತಲು, ಸೆಕೆ, ಮಂಚದ ಕೆಳಗೆ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಹಾಲು ಬರಲೆಂದು ಸಬ್ಬಸಿಗೆ ಸೊಪ್ಪು, ಸಂಜೆಗೆ ಕೊಬ್ಬರಿ ಬೆಲ್ಲ. ಊಟಕ್ಕೇನೂ ಕೊರತೆಯಿಲ್ಲ, ಕೊರತೆ ಎಲ್ಲ ನೀರಿಗೆ. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಎಂದು ಅಜ್ಜಿ ಕಾಯಿಸಿ ಆರಿಸಿದ್ದನ್ನು ಲೋಟದ ತಳ ಮುಚ್ಚುವಷ್ಟು ಮಾತ್ರ ಕೊಡುತ್ತಿದ್ದಳು. ಚೊಚ್ಚಲ ಬಾಣಂತಿಯಾಗಿದ್ದ ಚಿಕ್ಕಮ್ಮ ಬಾಗಿಲ ಸಂದಿಯಲ್ಲಿ ಬೆರಳಾಡಿಸಿ ನಮ್ಮನ್ನು ಕರೆದು, "ಒಂದು ಗುಟುಕು ಕಣ್ರೋ, ನಿಮ್ಮ ಕಾಲಿಗೆ ಬೀಳ್ತೀನಿ" ಅನ್ನುತ್ತಿದ್ದಳು. ನಾವು ಕೂಸಿನ ಬಟ್ಟೆಯ ಮಡಿಕೆಯೊಳಗೆ ಮಣ್ಣಿನ ಕೊಡದ ತಣ್ಣೀರು ಚೊಂಬು ಅಡಗಿಸಿಕೊಂಡು ಒಳಗೆ ಹೋಗುತ್ತಿದ್ದೆವು. ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಮ್ಮ ತಲೆ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದಳು. ಅವಳಿಗಾಗ ಹತ್ತೊಂಬತ್ತೋ ಇಪ್ಪತ್ತೋ. ಹಳೇ ಕಾಲದ ಆರೈಕೆ ಎಂದು ಯಾರಾದರೂ ಹೊಗಳಿದಾಗ ನಮಗೆ ಎಣ್ಣೆನೀರಿಗಿಂತ ಮೊದಲು ಆ ಚೊಂಬೇ ನೆನಪಾಗುವುದು.

ಕೂಸಿಗೆ ಐದಾರು ತಿಂಗಳಾದರೆ ರಾಗಿ ಸರಿಯ ಸಂಭ್ರಮ. ರಾಗಿ ತೊಳೆದು ನೆನೆಸಿ, ಬಿಳೀ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಟ್ಟೆಯ ಎಳೆ ಹಿಡಿದು ಹೊರಗೆ ಇಣುಕುವವರೆಗೆ ಕಾದು, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂತು ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಸೊಂಟ ಬಿದ್ದುಹೋಗುತ್ತಿತ್ತು, ಸಿಗುತ್ತಿದ್ದುದು ಒಂದು ಸಣ್ಣ ಡಬ್ಬ ಹಿಟ್ಟು. ಅದನ್ನು ಹಾಲು ಬೆಲ್ಲ ಹಾಕಿ ಕಾಸಿ, ಬೆಳ್ಳಿ ಒಳಲೆಯ ಮೂತಿಯಿಂದ ಕೂಸಿನ ಬಾಯಿಗೆ ಬಿಡುವಾಗ ಅದರ ತುಟಿ, ಗದ್ದ, ಕತ್ತಿನ ಮಡಿಕೆಯೆಲ್ಲ ಸರಿಮಯ. ಪಾತ್ರೆಯ ತಳಕ್ಕೆ ಹಿಡಿದ ಸೀಕಲಿನ ಹಕ್ಕುದಾರರು ನಾವು. ಚಮಚ ಹಾಕಿ ಕೆರೆದು, ಜಗಳವಾಡಿ, ಕೊನೆಗೆ ಬೆರಳು ನೆಕ್ಕಿ. ಒಳಲೆಯ ಮೂತಿಯಲ್ಲಿ ಸಣ್ಣ ಸಣ್ಣ ತಗ್ಗುಗಳಿದ್ದವು, ಹಲ್ಲು ಮೂಡುವಾಗ ಕಚ್ಚಿದ್ದು. ಒಂದು ನನ್ನದು, ಒಂದು ಅಣ್ಣನದು, ಎಲ್ಲಕ್ಕಿಂತ ಆಳವಾದದ್ದು ಅಪ್ಪನದು ಎಂದು ಅಜ್ಜಿ ಉಗುರಿಂದ ತೋರಿಸುತ್ತಿದ್ದಳು.

ಸಂಜೆ ಹೊತ್ತು ತೊಟ್ಟಿಲು ತೂಗುವುದು ಓದುವ ಮಕ್ಕಳ ಪಾಲು. ತೊಟ್ಟಿಲಿಗೊಂದು ಹಗ್ಗ ಕಟ್ಟಿ ಅದರ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಲಾಟೀನಿನ ಮುಂದೆ ಕೂತು ಮಗ್ಗಿ ಹೇಳಬೇಕು. ಸರಪಳಿಯ ಕೊಂಡಿ ತೊಲೆಯಲ್ಲಿ ಕಿರಕ್ ಅಂದಾಗ ಹದಿಮೂರೊಂದ್ಲೆ, ಮತ್ತೆ ಕಿರಕ್ ಅಂದಾಗ ಹದಿಮೂರೆರಡ್ಲೆ. ಪರೀಕ್ಷೆ ದಿನ ಮೇಷ್ಟ್ರು ನಿಲ್ಲಿಸಿ ಮಗ್ಗಿ ಕೇಳಿದರೆ ನಮಗೆ ಕಾಲು ಆಡಿಸದೆ ಬಾಯಿ ಬರುತ್ತಿರಲಿಲ್ಲ. ನಾವು ಸೋತು ತೂಕಡಿಸಿದಾಗ ಅಜ್ಜಿ ಬಂದು ಹಗ್ಗ ಹಿಡಿಯುತ್ತಿದ್ದಳು. ಅವಳ ಜೋಗುಳ ಮೊದಮೊದಲು ದೇವರ ಹೆಸರಲ್ಲೇ ಶುರುವಾಗಿ, ಕೂಸಿನ ಕಣ್ಣು ಮುಚ್ಚುತ್ತಾ ಬಂದಂತೆ ಅದೇ ರಾಗದಲ್ಲಿ ಬೇರೆ ಸಂಗತಿಗೆ ಹೊರಳುತ್ತಿತ್ತು: ಸಂತೆಯಲ್ಲಿ ಕೊಬ್ಬರಿ ರೇಟು ಬಿದ್ದದ್ದು, ಎರಡನೇ ಸೊಸೆ ತುಪ್ಪದ ಗಡಿಗೆ ಮುಚ್ಚದೆ ಬಿಟ್ಟದ್ದು, ಅಜ್ಜ ಮೂಲೆ ತೋಟವನ್ನು ಸಾಲಕ್ಕೆ ಬರೆದುಕೊಟ್ಟದ್ದು, ಜೋ ಜೋ. ಹಗಲು ಯಾರಿಗೂ ಹೇಳದ್ದನ್ನೆಲ್ಲ ಅವಳು ಕೂಸಿಗೆ ಹೇಳಿ ಮುಗಿಸುತ್ತಿದ್ದಳು. ಸೊಸೆಯಂದಿರು ಅಡಿಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದುದೂ ಅವಳಿಗೆ ಗೊತ್ತಿತ್ತೆಂದೇ ನಮ್ಮ ಅನುಮಾನ.

ಇಷ್ಟೆಲ್ಲ ಮಾಡಿದರೂ ಕೂಸು ನಿಜವಾಗಿ ಬೆಳೆದದ್ದು ದೊಡ್ಡಕ್ಕನ ಸೊಂಟದ ಮೇಲೆ. ಒಂದಾದ ಮೇಲೊಂದು ಎತ್ತಿ ಎತ್ತಿ ಅವಳ ಎಡಸೊಂಟ ಒಂದಿಷ್ಟು ವಾರೆಯಾಗಿ, ಕೂಸು ಇಲ್ಲದಾಗಲೂ ಅವಳು ಹಾಗೇ ನಡೆಯುತ್ತಿದ್ದಳು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾಗಿದ್ದಳು, ನಮ್ಮೆಲ್ಲರಿಗಿಂತ ಹೆಚ್ಚು ನಂಬರು ತೆಗೆದು. ಹೈಸ್ಕೂಲಿಗೆ ಪಕ್ಕದೂರಿಗೆ ನಡೆಯಬೇಕು, ಮನೇಲಿ ಕೂಸಿದೆ, ಒಂದು ವರ್ಷ ತಡಿ ಎಂದರು. ತಡೆದಳು. ಆ ವರ್ಷದ ಕೂಸೇ ಕಡೇ ತಮ್ಮ, ಚಿಕ್ಕಮ್ಮನ ಎರಡನೆಯವನು. ಅವನು ಹುಟ್ಟಿದ್ದು 1980ರಲ್ಲಿ, ಸಿಡುಬು ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ವರ್ಷ. ನಮ್ಮೆಲ್ಲರ ತೋಳ ಮೇಲೂ ದೇವಿ ಹಾಕಿದ ಬಿಲ್ಲೆಯಗಲದ ಕಲೆಗಳಿವೆ, ಅವನ ತೋಳಲ್ಲಿ ಅದಿಲ್ಲ. ಸಣ್ಣವನಿದ್ದಾಗ "ನಂಗೂ ಹಾಕ್ಸಿ" ಎಂದು ಅದಕ್ಕೂ ಹಟ ಮಾಡಿದ್ದ.

ಈಗ ಅವನಿಗೂ ತಡವಾಗಿ ಒಂದು ಮಗು. ಬೆಂಗಳೂರಿನ ಮೂರನೇ ಮಹಡಿಯ ಮನೆ. ಬಜೆ ತೇಯ್ದು ನೆಕ್ಕಿಸೋದು ಬೇಡ, ಕಣ್ಣಿಗೆ ಕಾಡಿಗೆ ಬೇಡ, ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಸರಿಯಾದ ಮಾತೇ. ಮಗುವಿಗೆ ಬೇಡವೆಂದ ನೀರನ್ನು ತಾಯಿಗೆ ಮಾತ್ರ ಚೆನ್ನಾಗಿ ಕುಡಿಯಿರಿ ಅಂದಿದ್ದಾರೆಂದು ಕೇಳಿ ಚಿಕ್ಕಮ್ಮ ಬಹಳ ಹೊತ್ತು ನಕ್ಕಳು. ಮಗುವಿನ ಪ್ರತಿ ಆಕಳಿಕೆಯೂ ಫೋನಿನಲ್ಲಿದೆ. ನಮ್ಮದು ಯಾವುದರಲ್ಲೂ ಇಲ್ಲ. ನಾವು ಕೂಸಾಗಿದ್ದಾಗ ಹೇಗಿದ್ದೆವೆಂದು ನಮಗಿಂತ ಮೊದಲು ಹುಟ್ಟಿದವರ ಬಾಯಲ್ಲಿ ಕೇಳಬೇಕು, ಅವರದ್ದನ್ನು ಅವರಿಗಿಂತ ದೊಡ್ಡವರ ಬಾಯಲ್ಲಿ. ದೊಡ್ಡಕ್ಕ ಕೂಸಾಗಿದ್ದಾಗ ಹೇಗಿದ್ದಳೆಂದು ಹೇಳುವವರಲ್ಲಿ ಈಗ ಯಾರೂ ಉಳಿದಿಲ್ಲ.

ಪಾಲಾದಾಗ ತೋಟದ ಸಾಲುಗಳು, ಗಾಡಿ, ಹಂಡೆ, ಬೀಸುವ ಕಲ್ಲು, ಅಟ್ಟದ ಹಲಗೆಗಳವರೆಗೂ ಪಂಚರು ಕೂತು ಬರೆಸಿದರು. ತೊಟ್ಟಿಲು ದೊಡ್ಡಪ್ಪನ ಪಾಲಿಗೆ ಹೋಗಿ ಅವರ ಸೌದೆ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿಯಿತು. ಒಳಲೆಯನ್ನು ಯಾರೂ ಬರೆಸಲಿಲ್ಲ. ನಿಮ್ಮತ್ರ ಇರಬೇಕು ಎಂದು ಇವರು, ನಿಮ್ಮತ್ರಾನೇ ಎಂದು ಅವರು. ಮೊನ್ನೆ ಮಗುವಿಗೆ ಸರಿ ಶುರು ಮಾಡುವಾಗ ತಮ್ಮ ಊರಿಗೆ ಬಂದು ಎರಡೂ ಮನೆಯ ಪೆಟ್ಟಿಗೆಗಳನ್ನು ಜಾಲಾಡಿದ, ಸಿಗಲಿಲ್ಲ. ಎಲ್ಲರೂ ಜಗಲಿ ಮೇಲೆ ಸೇರಿ, ಮಗು ಕೈಯಿಂದ ಕೈಗೆ ದಾಟುತ್ತಾ, ಅವನು ಕೂಸಾಗಿದ್ದಾಗಿನ ಕತೆಗಳು ಎದ್ದವು. ರಾತ್ರಿಯೆಲ್ಲ ಅಳುತ್ತಿದ್ದನೆಂದು ಅಣ್ಣ, ಅತ್ತಿದ್ದು ನೀನು ಇವನಲ್ಲ ಎಂದು ದೊಡ್ಡಕ್ಕ, ಇಬ್ಬರೂ ಅತ್ತಿದ್ರಿ ನಿದ್ದೆಗೆಟ್ಟೋಳು ನಾನು ಎಂದು ಚಿಕ್ಕಮ್ಮ. ಅವನು ಹುಬ್ಬಿನ ಮೇಲಿನ ಹಳೇ ಗಾಯ ಮುಟ್ಟಿಕೊಂಡು, "ಸರಿ, ಇದು ಯಾರು ಬೀಳಿಸಿದ್ದು, ಅದ್ನಾದ್ರೂ ಹೇಳಿ" ಅಂದ. ಅಷ್ಟು ಹೊತ್ತು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದ ನಮಗೆಲ್ಲ ಆಗ ಒಟ್ಟಿಗೇ ಅಡಿಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ರಸ್ತೆಯಲ್ಲಿ ಕೆಲಸ ನೆನಪಾಯಿತು.